ಸಾಕ್ಷಿಗೆ ಸೇರಿಸಿಕೊಂಡ ಹೆಸರು

ಪಾವಗಡದಲ್ಲಿ ನರ್ಸಿಂಗ್ ಪಾಠ ಹೇಳುವ ಶಾಂತಕುಮಾರಿ ಎರಡು ವರ್ಷ ತಿರುಮಣಿಯ ಸುತ್ತಮುತ್ತ ಮನೆಮನೆ ತಿರುಗಿದ್ದಳು. ಬೋರ್‌ವೆಲ್‌ನ ಫ್ಲೋರೈಡ್ ನೀರು ಕುಡಿದು ಮಂಡಿ ಬಾಗಿದ ನೂರಾ ನಲವತ್ತು ಜನಕ್ಕೆ ಒಂದು ಮಾತ್ರೆ ಕೊಟ್ಟು ನೋಡಿ, ಗುಣ ಕಾಣಲಿಲ್ಲ ಎಂದು ಬರೆದಳು. ದೊಡ್ಡ ವೈದ್ಯಕೀಯ ಪತ್ರಿಕೆಗಳು ಅದನ್ನು ಮೂಸಿಯೂ ನೋಡಲಿಲ್ಲ. ಸಣ್ಣದೊಂದು ಅಚ್ಚು ಹಾಕಿತು.

ಅದೇ ಮಾತ್ರೆಯಿಂದ ಗುಣವಾಯಿತೆಂದು ದಿಲ್ಲಿಯ ಡಾಕ್ಟರೊಬ್ಬರು ಬರೀ ಇಪ್ಪತ್ತು ಜನರನ್ನು ನೋಡಿ ಬರೆದಿದ್ದರು. ಮುಂದಿನ ಕುರಿಯ ಹಿಂದೆ ಮಂದೆ ಹೋದಂತೆ ಮುನ್ನೂರು ಲೇಖನಗಳು ಅವರನ್ನೇ ಉಲ್ಲೇಖಿಸಿದವು. ಇವಳನ್ನು ಒಂದೂ ಇಲ್ಲ.

ಅಚ್ಚಾದ ಒಂಬತ್ತನೆಯ ವರ್ಷ ಫೋನಿಗೆ ಸಂದೇಶ ಬಂತು: ನಿಮ್ಮ ಲೇಖನವನ್ನು ಒಬ್ಬರು ಉಲ್ಲೇಖಿಸಿದ್ದಾರೆ. ತಕ್ಷಣ ತೆರೆದಳು. ‘ಈ ಮಾತ್ರೆ ಮಂಡಿನೋವಿಗೆ ಪರಿಣಾಮಕಾರಿ’ ಎಂಬ ಸಾಲಿನ ಕೊನೆಗೆ ದಿಲ್ಲಿಯವರ ಹೆಸರು, ಪಕ್ಕದಲ್ಲಿ ಅವಳದು. ಓದದೇ ಸೇರಿಸಿದ್ದರು.

ಆ ವಾರ ತಿರುಮಣಿಗೆ ಹೋದಾಗ, ಅಂದು ವರ್ಷಪೂರ್ತಿ ಆ ಮಾತ್ರೆ ನುಂಗಿದ್ದ ಕುರಿ ಕಾಯುವ ಕೊಲ್ಲಾಪುರಮ್ಮ ತನ್ನ ಮನೆಯಲ್ಲಿ ಕೂರಿಸಿಕೊಂಡು, ಸೆರಗಿನ ಗಂಟು ಬಿಚ್ಚಿ ಮಾತ್ರೆ ತೋರಿಸಿದಳು.

“ಆಸ್ಪತ್ರೇಲಿ ಮತ್ತೆ ಇದ್ನೇ ಕೊಟ್ಟವ್ರೆ ಕಣಮ್ಮ. ನೀನು ಬರ್ಕೊಂಡು ಹೋದ್ಮೇಲೆ ನಿಲ್ಲುಸ್ಬುಡ್ತಾರೆ ಅಂದ್ಕೊಂಡಿದ್ದೆ. ಒಂದೀಟು ನೀರು ಕೊಡು.”

ಶಾಂತಕುಮಾರಿ ಎದ್ದು, ಮೂಲೆಯ ಬಿಂದಿಗೆಯಿಂದ ಅದೇ ಬೋರ್‌ವೆಲ್ ನೀರನ್ನು ಲೋಟಕ್ಕೆ ಬಗ್ಗಿಸಿ ಕೊಟ್ಟಳು.