ಮಧುರೆಯ ದ್ರಾಕ್ಷಿಗೆ ನಾನು ಕೊಡದ ತೀರ್ಪು

ವೈನಿನ ಒಂದು ತೊಟ್ಟನ್ನೂ ಕುಡಿದವನಲ್ಲ ನಾನು. ಆದರೂ ತೊಂಬತ್ತರ ದಶಕದ ಶುರುವಿನಲ್ಲಿ ಒಮ್ಮೆ ವೈನ್ ದ್ರಾಕ್ಷಿಗೆ ತೀರ್ಪುಗಾರನಾಗಿದ್ದೆ. ಬಿ.ಎಸ್ಸಿ.ಯಲ್ಲಿ ಸಸ್ಯಶಾಸ್ತ್ರ ಓದಿದ್ದೇ ತಪ್ಪಾಯಿತು. ದೊಡ್ಡಬಳ್ಳಾಪುರದಲ್ಲಿ ಮಗ್ಗದ ಸದ್ದಿನ ನಡುವೆ ಬೆಳೆದ ನನಗೆ ನೂಲಿನ ಬಣ್ಣ ತಿಳಿಯುತ್ತಿತ್ತೇ ಹೊರತು ಹಣ್ಣಿನ ಒಗರಲ್ಲ.

ನಮ್ಮೂರ ಪಕ್ಕದ ಮಧುರೆಯ ಪಿಳ್ಳಪ್ಪನವರು ನಮ್ಮಪ್ಪನ ಸ್ನೇಹಿತರು. ಅವರ ತೋಟದ ಬೆಂಗಳೂರು ನೀಲಿ ತಳಿಯ ದ್ರಾಕ್ಷಿಯ ಕಡ್ಡಿಗಳನ್ನೇ ಅವರ ಭಾವ ಆಂಜಿನಪ್ಪನವರು ದೇವನಹಳ್ಳಿ ಕಡೆಯ ತಮ್ಮೂರಿಗೆ ಒಯ್ದು ನೆಟ್ಟಿದ್ದರು. ತಾಯಿಬಳ್ಳಿ ಒಂದೇ. ಆದರೆ ಮಧುರೆಯ ಗರಸು ಮಣ್ಣಿನಲ್ಲಿ ಹಣ್ಣು ಸಣ್ಣದು, ಸಿಪ್ಪೆ ದಪ್ಪ, ರಸ ಕಪ್ಪು ಎನ್ನುವಷ್ಟು ಕೆಂಪು. ಭಾವನವರ ಕೆರೆ ಪಕ್ಕದ ಜಮೀನಿನಲ್ಲಿ ಅದೇ ದ್ರಾಕ್ಷಿ ಮೈತುಂಬಿಕೊಂಡು ತಿಳಿಬಣ್ಣಕ್ಕೆ ತಿರುಗಿತ್ತು. ಒಂದರ ವೈನು ಗಡುಸು, ಇನ್ನೊಂದರದು ಹಗುರ ಎಂದು ಕೊಳ್ಳಲು ಬಂದವರು ಹೇಳಿಹೋಗಿದ್ದರು. ಯಾವುದು ಮೇಲು ಎಂದು ಹೇಳಿರಲಿಲ್ಲ. ಭಾವ-ಭಾವಮೈದುನರ ಜಗಳಕ್ಕೆ ಅಷ್ಟು ಸಾಕಾಯಿತು; ತೀರ್ಪು ಹೇಳಲು ನನ್ನನ್ನು ಕರೆಸಿದರು.

ಪಿಳ್ಳಪ್ಪನವರ ತೋಟದಲ್ಲಿ, ಕಲ್ಲುಕಂಬಗಳಿಗೆ ತಂತಿ ಬಿಗಿದ ಚಪ್ಪರದ ಅಂಚಿನಲ್ಲಿ ನಿಂತು ನಾನು ಉಪನ್ಯಾಸ ಕೊಟ್ಟೆ. ಬೇರಿಗೆ ನೀರು ಕಡಿಮೆಯಾದರೆ ಹಣ್ಣು ಸಣ್ಣದಾಗುತ್ತದೆ, ರಸಕ್ಕಿಂತ ಸಿಪ್ಪೆಯ ಪಾಲು ಹೆಚ್ಚುತ್ತದೆ, ಬಣ್ಣವೂ ಒಗರೂ ಇರುವುದು ಸಿಪ್ಪೆಯಲ್ಲೇ, ರಾತ್ರಿ ತಂಪಾಗಿದ್ದರೆ ಹುಳಿ ಉಳಿಯುತ್ತದೆ. ಪಿಳ್ಳಪ್ಪನವರು ತಾಳ್ಮೆಯಿಂದ ಕೇಳಿದರು. "ಅದೆಲ್ಲಾ ಸರಿ ಕಣಪ್ಪಾ, ಕಣ್ಮುಚ್ಕೊಂಡು ತಿಂದು ಹೇಳು ನೋಡಣ."

"ಹುಷಾರು ಕಣಪ್ಪಾ, ನಮ್ಮ ಭಾಮೈದ ಎರಡೂ ಅವನ್ದೇ ಕೊಟ್ಟಾನು" ಎಂದರು ಆಂಜಿನಪ್ಪ, ಮೂಲೆಯ ಕಂಬದ ಬಳಿಯಿಂದ.

ಎರಡೂ ತೋಟದ ಹಣ್ಣುಗಳಲ್ಲಿ ಒಂದೇ ಗಾತ್ರದವನ್ನು ಆರಿಸಿ ಕೊಟ್ಟರು. ಮೊದಲನೆಯದು ಮಧುರೆಯದು ಅನ್ನಿಸಿತು. ಎರಡನೆಯದೂ ಮಧುರೆಯದೇ ಅನ್ನಿಸಿತು. ಮತ್ತೆ ಮೊದಲನೆಯದನ್ನು ತಿಂದೆ, ಅದು ದೇವನಹಳ್ಳಿಗೆ ಹೋಗಿಬಿಟ್ಟಿತು. ಸೋತು ಕಣ್ಣು ಬಿಟ್ಟು, "ಆಂಜಿನಪ್ಪನೋರೇ, ಸ್ವಲ್ಪ ಬನ್ನಿ ಇಲ್ಲಿ, ನೀವೇ ತಿಂದು ನೋಡಿ" ಎಂದೆ.

ಅವರು ಮೂರು ಹೆಜ್ಜೆ ಬಂದರು. ಹಿಂದೆ ತಂತಿ ಕಿತ್ತ ಸದ್ದಾಯಿತು. ಮೂಲೆಯ ಕಂಬ ಅವರು ನಿಂತಿದ್ದ ಜಾಗಕ್ಕೇ ಉರುಳಿತು, ಅದರ ಹಿಂದೆ ಒಂದು ಸಾಲು ಚಪ್ಪರವೆಲ್ಲ ಮಲಗಿತು. ಹಣ್ಣಿನ್ನೂ ನನ್ನ ಬಾಯಲ್ಲೇ ಇತ್ತು. ಪಿಳ್ಳಪ್ಪನವರು ಭಾವನ ಕೈ ಹಿಡಿದವರು ಎಷ್ಟು ಹೊತ್ತಾದರೂ ಬಿಡಲಿಲ್ಲ.

ಸಂಜೆಯ ಹೊತ್ತಿಗೆ ಊರಿಗೆಲ್ಲ ಸುದ್ದಿ: ಓದಿದ ಹುಡುಗ ಕಂಬ ವಾಲಿದ್ದು ನೋಡಿ ಕರೆದು ಉಳಿಸಿದ. ನಾನು ಇಂದಿಗೂ ಆ ಗಳಿಗೆಯನ್ನು ತಿರುವಿ ಹಾಕುತ್ತೇನೆ. ಕಣ್ಣು ಬಿಟ್ಟಾಗ ಕಂಬ ಅಲುಗಿದ್ದು ಕಂಡಿತ್ತೇ? ಒಂದು ರಾತ್ರಿ ಕಂಡಿತ್ತು ಅನ್ನಿಸುತ್ತದೆ. ಮರುದಿನ ಬಸ್ಸಿನಲ್ಲಿ ಕೂತಾಗ, ಕಂಡಿದ್ದರೆ 'ಓಡಿ' ಅನ್ನದೆ 'ತಿಂದು ನೋಡಿ' ಅನ್ನುತ್ತಿದ್ದೆನೇ ಅನ್ನಿಸುತ್ತದೆ. ಒಂದೇ ಕಡ್ಡಿ ಎರಡು ಊರಿನಲ್ಲಿ ಎರಡು ಹಣ್ಣಾಗುವುದು ನನಗೆ ಅರ್ಥವಾಗುತ್ತದೆ. ಮೂರು ಹೆಜ್ಜೆಯ ಲೆಕ್ಕ ಮಾತ್ರ ಅರ್ಥವಾಗುವುದಿಲ್ಲ.

ಹೊಗಳಿಕೆ ತಡೆಯಲಾರದೆ ಒಂದು ದಿನ ಆಂಜಿನಪ್ಪನವರ ಮನೆಗೇ ಹೋಗಿ ಒಪ್ಪಿಕೊಂಡೆ. ಕಂಬ ನೋಡಿ ಕರೆದೆನೋ, ಹಣ್ಣು ತಿಳಿಯದೆ ಕರೆದೆನೋ, ನನಗೇ ಗೊತ್ತಿಲ್ಲ ಎಂದೆ.

"ಗೊತ್ತಾಗದೆ ಇದ್ದಿದ್ದೇ ಒಳ್ಳೇದಾಯ್ತು ಬಿಡಪ್ಪಾ. ನಿಂಗೆ ಹಣ್ಣು ಗೊತ್ತಾಗಿದ್ರೆ ನಾನು ಅಲ್ಲೇ ನಿಂತಿರ್ತಿದ್ನಲ್ಲ."

ಅಂದಿನಿಂದ ಗೊತ್ತಿಲ್ಲ ಎನ್ನಲು ನನಗೆ ನಾಚಿಕೆ ಕಡಿಮೆಯಾಗಿದೆ. ಎಲ್ಲಿ ನಿಂತು ಹೇಳುತ್ತಿದ್ದೇನೆ ಎಂಬುದನ್ನು ಮಾತ್ರ ಒಮ್ಮೆ ನೋಡಿಕೊಳ್ಳುತ್ತೇನೆ.