ಮ್ಯಾಲಿಂದು ಮ್ಯಾಲೇ ಇರಲಿ

ಕಡಲ ದಂಡೆಯಲ್ಲಿ ಫಾರೆಸ್ಟ್ ಗಾರ್ಡ್ ಆಗಿ, ಆಮೆ ಕಾಯುತ್ತಲೇ ರಿಟೈರಾದ ಮಾಳಮಡ್ಡಿಯ ಮೈಲಾರಪ್ಪ ಯಾವ ಸಾಮಾನನ್ನೂ ಬೋರಲು ಹಾಕುವವನಲ್ಲ. ದುರ್ಗದಬೈಲಿನ ಮಾರ್ಕೆಟ್ಟಿನಿಂದ ಅರ್ಧ ಕಿಲೋ ಬದನಿಕಾಯಿ ತಂದರೂ ಚೀಲವನ್ನು ಎರಡೂ ಅಂಗೈ ಮೇಲೆ ಹೊತ್ತುಕೊಂಡೇ ಬಸ್ಸಿನಲ್ಲಿ ನಿಲ್ಲುತ್ತಾನೆ. ‘ಅಜ್ಜಾರ, ಕಂಬಿ ಹಿಡೀರಿ, ಒಳಗೇನು ಕೂಸು ಐತೇನ್ರಿ?’ ಎಂದು ಕಂಡಕ್ಟರ್ ಚಾಷ್ಟಿ ಮಾಡಿದರೆ, ‘ಮ್ಯಾಲಿಂದು ಮ್ಯಾಲೇ ಇರಲಿ ತಮ್ಮಾ’ ಅನ್ನುವುದೊಂದೇ ಮಾತು. ಮನೆಯಲ್ಲಿ ಹೆಂಡತಿ ಸತ್ಯವ್ವ ಹಂಚಿನ ಮೇಲೆ ರೊಟ್ಟಿ ತಿರುವುವಾಗ ಸುದ್ಧಾ ಮುಖ ಆಚೆ ಮಾಡುತ್ತಾನೆ. ‘ತಿರುವಿ ಹಾಕದಿದ್ರ ರೊಟ್ಟಿ ಬೇಯತಾವೇನ್ರಿ?’ ಎಂದು ಬೈದು ಬೈದು ಆಕೆ ಈಗ ಬೈಯುವುದನ್ನೇ ಬಿಟ್ಟಿದ್ದಾಳೆ, ಯಾಕೆಂದರೆ ಆಕೆಗೆ ಕಾರಣ ಗೊತ್ತು. ನೌಕರಿಯ ಮೊದಲ ವರ್ಷ ಆ ದಂಡೆಗೆ ಬಂದದ್ದು ಒಂದೇ ಒಂದು ಕಡಲಾಮೆ. ಅದು ಹಿಂದಿನ ದಿನ ಇಟ್ಟಿದ್ದ ನೂರಾ ಹನ್ನೆರಡು ತತ್ತಿ ನಾಯಿಗಳ ಬಾಯಿಗೆ ಬೀಳಬಾರದೆಂದು ಆತ ಉಸುಕಿನಿಂದ ತೆಗೆದು, ಬುಟ್ಟಿಗೆ ತುಂಬಿ, ಬೇಲಿ ಹಾಕಿದ ಬೇರೆ ಕುಣಿಗೆ ಒಯ್ದ. ಅಮ್ಮಿನಬಾವಿಯ ಹೊಲದಲ್ಲಿ ಆಲೂಗಡ್ಡೆ ಸುರಿದು ರೂಢಿಯಾದ ಕೈ, ಬುಟ್ಟಿಯನ್ನು ಬೋರಲು ಹಾಕಿ ಸುರಿದುಬಿಟ್ಟಿತು. ತತ್ತಿಯೊಳಗಿನ ಜೀವ ಒಂದು ದಿನದೊಳಗೆ ಮೇಲಿನ ಸಿಪ್ಪೆಗೆ ಅಂಟಿಕೊಂಡಿರುತ್ತದೆ, ತಿರುವಿದರೆ ಸಾಯುತ್ತದೆ ಎಂದು ಆತನಿಗೆ ಯಾರು ಹೇಳಿದ್ದರು? ಎರಡು ತಿಂಗಳು ಕುಣಿಯ ಹತ್ತಿರವೇ ಕೂತ, ಒಂದು ಮರಿಯೂ ಮೇಲೆ ಬರಲಿಲ್ಲ. ‘ಮುಂದ ಸಾವಿರಗಟ್ಟಲೆ ಮರಿ ಉಳಿಸೀರಲ್ರೀ, ಅವನ್ನ ನೆನಸ್ರಿ’ ಎಂದು ಸತ್ಯವ್ವ ಅಂದರೆ, ಮೈಲಾರಪ್ಪ ಬದನಿಕಾಯಿಗಳನ್ನು ಒಂದೊಂದಾಗಿ ಬುಟ್ಟಿಗೆ ಇಳಿಸುತ್ತ ಅನ್ನುತ್ತಾನೆ: ‘ಅವು ಸಮುದ್ರಕ್ಕ ಹೋದ್ವು. ಈ ನೂರಾ ಹನ್ನೆರಡು ನನ್ನ ಕಡೇನ ಉಳದ್ವು.’