ಮಂಗಳಗೌರಿ ನೀರಿಗಿಳಿದ ದಿನ

ಗುಬ್ಬಿ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಮಂಗಳಗೌರಿಯವರದು ಒಂದು ಹೊಲಿಗೆ ಅಂಗಡಿ. ಎರಡು ಹೊಲಿಗೆ ಮಿಷನ್ನು, ಸೀರೆಯಂಚು ಹೊಲಿಯುವ ಒಂದು ಪಿಕೊ ಮಿಷನ್ನು, ಗೋಡೆಯ ಮೊಳೆಗಳಿಗೆ ಸಾಲಾಗಿ ನೇತುಹಾಕಿದ ರವಿಕೆಗಳು, ಬಂದವರಿಗೆ ಕೂರಲು ಒಂದು ಪ್ಲಾಸ್ಟಿಕ್ ಸ್ಟೂಲು. ಇಪ್ಪತ್ತೇಳು ವರ್ಷದಿಂದ ಅವರು ಅಲ್ಲೇ ಕೂತು ಹೊಲಿಯುತ್ತಿದ್ದಾರೆ. ಊರಿನ ಅರ್ಧ ಹೆಂಗಸರ ಭುಜ, ತೋಳು, ಬೆನ್ನಿನ ಅಳತೆ ಅವರಿಗೆ ಬಾಯಿಪಾಠ. ಯಾರು ಯಾವ ವರ್ಷ ದಪ್ಪಗಾದರು, ಯಾರು ಯಾವ ಕಾಯಿಲೆಯಲ್ಲಿ ಸೊರಗಿದರು ಎಂಬುದೂ ಗೊತ್ತು. ಆದರೆ ಒಬ್ಬರ ವಿಷಯವನ್ನು ಇನ್ನೊಬ್ಬರ ಮುಂದೆ ಆಡಿದವರಲ್ಲ. ನಾನು ಇಲ್ಲಿಗೆ ಟೀಚರಾಗಿ ಬಂದ ಕಾಲದಿಂದ ಅವರ ಹತ್ತಿರವೇ ಹೊಲಿಸಿದ್ದೇನೆ, ರಿಟೈರ್ ಆಗಿ ಎರಡು ವರ್ಷವಾಯಿತು. ಹಾಗಿದ್ದರೂ ಅವರ ಬಗ್ಗೆ ನನಗೆ ಹೆಚ್ಚೇನೂ ಗೊತ್ತಿಲ್ಲ ಎನ್ನುವುದು ತಿಳಿದದ್ದು ಕಳೆದ ಮಾರ್ಚಿನಲ್ಲಿ.

ಮಂಗಳಗೌರಿಯೂ ಸೇರಿ ನಾವು ಒಂಬತ್ತು ಜನ ಹೆಂಗಸರು ದಿನಾ ಬೆಳಿಗ್ಗೆ ಕಾಲೇಜು ಮೈದಾನದಲ್ಲಿ ನಡೆಯುತ್ತೇವೆ. ಪೋಸ್ಟ್ ಆಫೀಸಿನಲ್ಲಿ ಕೆಲಸ ಮಾಡುವ ಶಶಿರೇಖಾ ನಮ್ಮ ಮುಂದಾಳು. ಹೂ ಕಟ್ಟಿ ಮಾರುವ ತಿಪ್ಪಮ್ಮ ನಮ್ಮಲ್ಲೆಲ್ಲ ಹಿರಿಯರು, ಅರವತ್ತೇಳು ವರ್ಷ. ಒಂದು ದಿನ ನಡೆಯುತ್ತಾ ಶಶಿರೇಖಾ ಹೊಸ ಯೋಚನೆ ಎತ್ತಿದರು. ತುಮಕೂರಿನಿಂದ ಕುಣಿಗಲ್ ಕಡೆಗೆ ಹೋಗುವ ದಾರಿಯಲ್ಲಿ ಒಂದು ವಾಟರ್ ಪಾರ್ಕ್ ಇದೆಯಲ್ಲ, ರಿಪೇರಿಗೆಂದು ಮುಚ್ಚಿದ್ದವರು ಮಾರ್ಚ್ ಮೊದಲ ವಾರ ತೆಗೆಯುತ್ತಾರೆ. ಮಕ್ಕಳಿಗೆಲ್ಲ ಪರೀಕ್ಷೆ, ಜನ ಇರುವುದಿಲ್ಲ. ನೋಡಿ ನಗುವವರೂ ಇರುವುದಿಲ್ಲ. ಹೋಗಿಬರೋಣ ಎಂದರು.

ಎಲ್ಲರೂ ಹೂಂ ಎಂದೆವು. ಆಮೇಲೆ ತೊಡಕು ಬಂತು. ಅಲ್ಲಿ ಸೀರೆ ಉಟ್ಟು ನೀರಿಗೆ ಇಳಿಯುವಂತಿಲ್ಲ, ಕಾಟನ್ ಚೂಡಿದಾರವೂ ಆಗುವುದಿಲ್ಲ, ನೈಲಾನ್ ಬಟ್ಟೆಯೇ ಆಗಬೇಕು. ಅಲ್ಲೇ ಬಾಡಿಗೆಗೆ ಕೊಡುತ್ತಾರಂತೆ. ಯಾರು ಯಾರೋ ಹಾಕಿ ಬಿಟ್ಟ, ಮೊಣಕಾಲಿಗೂ ಬಾರದ ಆ ಬಟ್ಟೆಯನ್ನು ಹಾಕಿಕೊಳ್ಳಲು ಯಾರಿಗೂ ಮನಸ್ಸಿರಲಿಲ್ಲ. ಹಾಗಾದರೆ ದಡದಲ್ಲೇ ಕೂತು ಬರೋಣ ಎಂದು ಒಬ್ಬರು, ಅದಕ್ಕೆ ಅಷ್ಟು ದೂರ ಯಾಕೆ ಎಂದು ಇನ್ನೊಬ್ಬರು. ಮಾತು ಅಲ್ಲಿಗೆ ಮುಗಿಯಿತು ಎಂದುಕೊಂಡೆವು. ಅಷ್ಟು ಹೊತ್ತು ಸುಮ್ಮನೆ ನಡೆಯುತ್ತಿದ್ದ ಮಂಗಳಗೌರಿ, ‘ನಾನೇ ಹೊಲ್ಕೊಡ್ತೀನಿ ಬುಡಿ’ ಎಂದರು.

ಮಾರನೆಯ ದಿನವೇ ತುಮಕೂರಿಗೆ ಹೋದರು. ಶಿರಾ ಗೇಟಿನಲ್ಲಿ ತಮಗೆ ನೂಲು, ಲೈನಿಂಗ್ ಕೊಡುವ ಅಂಗಡಿಯವರನ್ನು ಕೇಳಿದರೆ, ಅಲ್ಲೇ ಹತ್ತಿರದ ಸತ್ಯಮಂಗಲದಲ್ಲಿ ಆಟಗಾರರ ಜೆರ್ಸಿ ಹೊಲಿಯುವ ಚಿಕ್ಕ ಫ್ಯಾಕ್ಟರಿ ಇದೆ, ಅಲ್ಲಿ ವಿಚಾರಿಸಿ ಎಂದರಂತೆ. ಅಲ್ಲಿಂದ ಕಡುನೀಲಿ ಬಣ್ಣದ ಎಳೆದರೆ ಹಿಗ್ಗುವ ಬಟ್ಟೆ ತಂದರು. ಅದು ರವಿಕೆ ಬಟ್ಟೆಯಂತೆ ಹೇಳಿದ ಮಾತು ಕೇಳುವ ಜಾತಿಯಲ್ಲ. ಸೂಜಿಯ ಕೆಳಗೆ ಜಾರುತ್ತಿತ್ತು, ಹೊಲಿಗೆ ಬಿಟ್ಟು ಬಿಟ್ಟು ಬೀಳುತ್ತಿತ್ತು. ಎರಡು ದಿನ ಒದ್ದಾಡಿ, ಬಟ್ಟೆಯ ಕೆಳಗೆ ನ್ಯೂಸ್ ಪೇಪರಿನ ಪಟ್ಟಿ ಇಟ್ಟು ಪಿಕೊ ಮಿಷನ್ನಿನಲ್ಲಿ ಅಂಕುಡೊಂಕು ಹೊಲಿಗೆ ಹಾಕಿ, ಆಮೇಲೆ ಪೇಪರು ಹರಿದು ತೆಗೆಯುವ ಉಪಾಯ ಕಂಡುಕೊಂಡರು. ಪೂರ್ತಿ ತೋಳು, ಮೊಣಕಾಲು ದಾಟುವ ಉದ್ದ, ಒಳಗೆ ಪ್ಯಾಂಟು. ಕುತ್ತಿಗೆಯ ಒಳಬದಿಗೆ ಒಂದು ಸಣ್ಣ ಗುಂಡಿ ಮತ್ತು ಪಟ್ಟಿ. ಮಾಂಗಲ್ಯದ ಸರ ಅದರಲ್ಲಿ ಸಿಕ್ಕಿಸಿಕೊಂಡರೆ ನೀರಿನಲ್ಲಿ ಹೊರಗೆ ಬರುವುದಿಲ್ಲ. ಅದನ್ನು ಯಾರೂ ಹೇಳಿರಲಿಲ್ಲ. ಅವರಿಗೇ ಹೊಳೆದಿತ್ತು.

ಹೊರಡುವ ಹಿಂದಿನ ದಿನ ಸಂಜೆ ನಾವು ಬಟ್ಟೆ ತೆಗೆದುಕೊಳ್ಳಲು ಹೋದಾಗ ಶಶಿರೇಖಾ ಎಣಿಸಿ ನೋಡಿದರು. ಎಂಟೇ ಇದ್ದವು. ನಿಮ್ಮದೆಲ್ಲಿ ಎಂದು ಕೇಳಿದರೆ ಮಂಗಳಗೌರಿ, ಯಾರಾದರೂ ಬ್ಯಾಗು ಕಾಯಬೇಕಲ್ಲ ಎಂದು ನಕ್ಕರು. ತಿಪ್ಪಮ್ಮ ಒಪ್ಪಲಿಲ್ಲ. ಇನ್ನೂ ಬಟ್ಟೆ ಉಳಿದಿದೆ, ಅಳತೆ ಕೊಡು ಎಂದರು. ಮಂಗಳಗೌರಿ ಟೇಪು ತೆಗೆದು ಮುಂದೆ ಚಾಚಿದರು. ಹೊಲಿಗೆ ಕಲಿತ ಮೇಲೆ ಅವರ ಅಳತೆಯನ್ನು ಯಾರೂ ತೆಗೆದಿರಲಿಲ್ಲ. ತಮ್ಮ ಬಟ್ಟೆಯನ್ನು ಹಳೆಯ ರವಿಕೆ ಮುಂದಿಟ್ಟುಕೊಂಡು ಕತ್ತರಿಸುತ್ತಿದ್ದರು, ಅಷ್ಟೆ.

ತಿಪ್ಪಮ್ಮನಿಗೆ ಟೇಪಿನ ಅಂಕಿ ಓದಲು ಬರುವುದಿಲ್ಲ. ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಹೂ ಕಟ್ಟುವ ದಾರ ತೆಗೆದು, ಭುಜದಿಂದ ಭುಜಕ್ಕೆ ಹಿಡಿದು ಒಂದು ಗಂಟು ಹಾಕಿದರು, ಎದೆ ಸುತ್ತಿ ಒಂದು ಗಂಟು, ತೋಳಿಗೆ ಒಂದು ಗಂಟು. ‘ನೆಟ್ಟಗ್ ನಿಂತ್ಕೊಳ್ಳೇ, ಬಗ್‌ಬೇಡ’ ಎಂದು ಗದರಿದರು. ಎಲ್ಲರಿಗೂ ಅದೇ ಮಾತು ಹೇಳುತ್ತಾ ಬಂದಿದ್ದ ಮಂಗಳಗೌರಿ, ಕೈ ಅಗಲಿಸಿಕೊಂಡು ಶಾಲೆಯ ಹುಡುಗಿಯಂತೆ ನಿಂತಿದ್ದರು. ಆಮೇಲೆ ಆ ದಾರವನ್ನು ಟೇಪಿನ ಮೇಲೆ ಹಾಸಿ ಅಂಕಿ ಗುರುತು ಮಾಡಿಕೊಂಡರು.

ಬೆಳಿಗ್ಗೆ ಏಳಕ್ಕೆ ಒಂದು ಟಿ.ಟಿ. ವ್ಯಾನು ಬಾಡಿಗೆಗೆ ಮಾಡಿಕೊಂಡು ಹೊರಟೆವು. ಪಾರ್ಕ್ ತಲುಪಿದಾಗ ಗೇಟಿನ ಹತ್ತಿರ ನಮ್ಮನ್ನು ಬಿಟ್ಟರೆ ಒಂದು ನಾಯಿ ಇತ್ತು. ಒಳಗೆ ಇನ್ನೂ ಸೀಸನ್ನಿಗೆ ಸಿದ್ಧತೆ ನಡೆದಿತ್ತು. ಒಬ್ಬ ಪೇಂಟರ್ ಏಣಿ ಹತ್ತಿ ಸಿಮೆಂಟಿನ ಆನೆಯ ಕಿವಿಗೆ ಗುಲಾಬಿ ಬಣ್ಣ ಹಚ್ಚುತ್ತಿದ್ದ. ಎತ್ತರದ ಜಾರುಬಂಡೆಗಳಲ್ಲಿ ನೀರು ಬಿಟ್ಟಿರಲಿಲ್ಲ, ಐಸ್‌ಕ್ರೀಮಿನ ಅಂಗಡಿಗಳು ಬಾಗಿಲು ಹಾಕಿದ್ದವು. ತಿರುಗುವ ಕುದುರೆಗಳನ್ನು ನಮಗಾಗಿಯೇ ಚಾಲೂ ಮಾಡಿದರು. ತಿಪ್ಪಮ್ಮ ಬಿಳಿ ಕುದುರೆಯೊಂದನ್ನು ಆರಿಸಿಕೊಂಡು ಮೂರು ಸಲ ಸುತ್ತು ಹಾಕಿದ ಮೇಲೆಯೇ ಇಳಿದರು. ಮುಖದಲ್ಲಿ ನಗುವಿರಲಿಲ್ಲ, ಏನೋ ಕೆಲಸ ಮುಗಿಸುವವರಂತೆ ಗಂಭೀರವಾಗಿ ಕೂತಿದ್ದರು.

ಬಟ್ಟೆ ಬದಲಿಸುವ ಕೋಣೆಗೆ ಹೋದವರು ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ. ಕನ್ನಡಿ ಮುಂದೆ ಒಬ್ಬರನ್ನೊಬ್ಬರು ನೋಡಿಕೊಂಡು ನಿಂತಿದ್ದೆವು. ಕೊನೆಗೆ ಶಶಿರೇಖಾ ಬಾಗಿಲು ತೆರೆದರು, ನಾವು ಒಬ್ಬರ ಹಿಂದೆ ಒಬ್ಬರು ಹೊರಬಿದ್ದೆವು. ಒಂದೇ ಬಣ್ಣದ ಬಟ್ಟೆಯ ಒಂಬತ್ತು ಹೆಂಗಸರನ್ನು ನೋಡಿ ಅಲ್ಲಿನ ಕಾವಲುಗಾರ ಎದ್ದು ನಿಂತು, ಯಾವ ಟೀಮಿನವರು ಮೇಡಂ ಎಂದು ಕೇಳಿದ. ಆ ಮಾತಿಗೆ ನಮ್ಮ ಸಂಕೋಚ ಅರ್ಧ ಹೋಯಿತು.

ಮೊದಲು ಮೊಣಕಾಲುದ್ದ ನೀರಿನ ಕೊಳದಲ್ಲಿ ಕೂತೆವು. ನೀರು ಕೊರೆಯುತ್ತಿತ್ತು. ಒಬ್ಬರು ಕೂಗಿಕೊಂಡರು, ಒಬ್ಬರು ದೇವರ ಹೆಸರು ಹೇಳಿದರು, ಆಮೇಲೆ ಎಲ್ಲರೂ ಚಳಿಗೆ ಹೊಂದಿಕೊಂಡು ಮಾತಿಗೆ ತೊಡಗಿದೆವು. ಮಂಗಳಗೌರಿ ಮಾತ್ರ ನಮ್ಮ ಜೊತೆ ಇರಲಿಲ್ಲ. ಹುಡುಕಿದರೆ, ಹಿಂಭಾಗದಲ್ಲಿ ದೊಡ್ಡವರು ಈಜುವ ಕೊಳದ ಅಂಚಿನಲ್ಲಿ ನಿಂತಿದ್ದರು. ಒಂದು ಕಡೆ ಎದೆಮಟ್ಟ, ಇನ್ನೊಂದು ಕಡೆ ಎಂಟಡಿ ಆಳ ಎಂದು ಬರೆದಿತ್ತು. ಈಜು ಬಾರದವರು ಇಳಿಯಕೂಡದು ಎಂದೂ ಬರೆದಿತ್ತು. ಕುತ್ತಿಗೆಗೆ ಸೀಟಿ ಹಾಕಿಕೊಂಡ ಚೈತನ್ಯ ಎಂಬ ಹುಡುಗಿ ಅಲ್ಲಿ ಲೈಫ್‌ಗಾರ್ಡು. ಕುಣಿಗಲ್ಲಿನವಳು, ಇಪ್ಪತ್ತಮೂರೋ ಇಪ್ಪತ್ನಾಲ್ಕೋ ಇರಬೇಕು.

‘ನಿಮಗೆ ಈಜು ಬರುತ್ತಾ ಆಂಟಿ?’ ಎಂದು ಅವಳು ಕೇಳಿದಳು.

‘ಬರ್ತಿತ್ತು. ಈಗ ಬರುತ್ತೋ ಇಲ್ವೋ ಕಾಣೆ.’

‘ಎಷ್ಟ್ ವರ್ಷ ಆಯ್ತು?’

‘ಮೂವತ್ತೆಂಟು.’

ನಾವು ಒಬ್ಬೊಬ್ಬರಾಗಿ ಅಲ್ಲಿಗೆ ಬಂದು ನಿಂತಿದ್ದೆವು. ಯಾರಿಗೂ ಈ ಸಂಗತಿ ಗೊತ್ತಿರಲಿಲ್ಲ.

ಅವರ ತವರು ಯಡಿಯೂರಿನ ಹತ್ತಿರದ ಹಳ್ಳಿ. ತೋಟದಲ್ಲಿ ಒಂದು ಮೆಟ್ಟಿಲು ಬಾವಿ ಇತ್ತು. ಅಪ್ಪ ಕೆಂಪಯ್ಯನಿಗೆ ಮೊದಲು ಹುಟ್ಟಿದವರು ಇವರೇ. ಗಂಡು ಹೆಣ್ಣು ಎಂದು ನೋಡದೆ ಆತ ತೇಲಲೆಂದು ಮಗಳ ಬೆನ್ನಿಗೆ ಕತ್ತಾಳೆಯ ಒಣಬೆಂಡು ಕಟ್ಟಿ, ಆರನೇ ವಯಸ್ಸಿಗೇ ಬಾವಿಗೆ ಇಳಿಸಿದ. ಒಂಬತ್ತಕ್ಕೆ ಬೆಂಡು ಬಿಚ್ಚಿದ. ಮೇಲಿನ ಮೆಟ್ಟಿಲಿನಿಂದ ಧುಮುಕುವುದು, ತಳ ಮುಟ್ಟಿ ಒಂದು ಹಿಡಿ ಮಣ್ಣು ತರುವುದು ಎಲ್ಲವನ್ನೂ ಕಲಿತರು. ಹದಿಮೂರಕ್ಕೆ ದೊಡ್ಡವಳಾದ ಮೇಲೆ ಅವ್ವ ರಂಗಮ್ಮ, ಇನ್ನು ಬಾವಿಗೆ ಇಳಿಯಬಾರದು ಎಂದರು. ಅಪ್ಪ ಏನೂ ಹೇಳಲಿಲ್ಲ. ಬೆಂಡನ್ನು ತಮ್ಮನಿಗೆ ಕೊಟ್ಟ. ಅಲ್ಲಿಗೆ ಮುಗಿಯಿತು. ಎರಡು ವರ್ಷಕ್ಕೆ ಹೊಲಿಗೆ ಕಲಿಯಲು ಹೋದರು, ಆಮೇಲೆ ಮದುವೆಯಾಗಿ ಗುಬ್ಬಿಗೆ ಬಂದರು. ಇದನ್ನೆಲ್ಲ ಅವರು ನಮಗೆ ಹೇಳಿದ್ದು ವಾಪಸು ಬರುವಾಗ. ಕೊಳದ ಹತ್ತಿರ ನಿಂತಾಗ ಹೇಳಿದ್ದು ಮೂವತ್ತೆಂಟು ಎಂಬ ಒಂದೇ ಮಾತು.

ಚೈತನ್ಯ ಸ್ವಲ್ಪ ಹೊತ್ತು ಯೋಚಿಸಿದಳು. ಆಮೇಲೆ, ಆಳ ಕಡಿಮೆ ಇರುವ ಕಡೆ ಇಳಿಯಿರಿ, ಕಂಬಿ ಬಿಡಬೇಡಿ, ನಾನು ಪಕ್ಕದಲ್ಲೇ ಇರುತ್ತೇನೆ ಎಂದು ತಾನೂ ನೀರಿಗಿಳಿದಳು. ಮಂಗಳಗೌರಿ ನೀರಿಗೆ ಬೆನ್ನು ಹಾಕಿ ಏಣಿ ಇಳಿದರು. ಎದೆಮಟ್ಟ ನೀರಿನಲ್ಲಿ ಕಂಬಿ ಹಿಡಿದು ನಿಂತು, ಕೈಯಿಂದ ನೀರನ್ನು ಆಚೆ ಈಚೆ ಸರಿಸಿ ನೋಡಿದರು. ಬಟ್ಟೆಯ ನೇಯ್ಗೆ ನೋಡುವಾಗ ಹಾಗೆ ಸವರಿ ನೋಡುತ್ತಾರೆ. ಕಂಬಿ ಬಿಟ್ಟರು. ಬಿಟ್ಟ ಕೂಡಲೇ ಮುಳುಗಿದರು. ಚೈತನ್ಯ ತೋಳು ಹಿಡಿದು ಎತ್ತಿದಳು. ಮೂಗಿಗೆ ನೀರು ಹೋಗಿ ಕೆಮ್ಮು ಬಂತು, ಕಣ್ಣು ಕೆಂಪಾಯಿತು. ಸಾಕು ಬಾರೇ ಎಂದು ತಿಪ್ಪಮ್ಮ ಮೇಲಿನಿಂದ ಕರೆದರು. ಅವರು ಕೈಸನ್ನೆಯಲ್ಲೇ ತಾಳಿ ಎಂದರು.

ಎರಡನೇ ಸಲ ಅವಸರ ಮಾಡಲಿಲ್ಲ. ಗಲ್ಲದವರೆಗೆ ನೀರಿನಲ್ಲಿ ಕುಗ್ಗಿ, ಉಸಿರು ತೆಗೆದುಕೊಂಡು, ಗೋಡೆಗೆ ಕಾಲು ಒದ್ದರು. ಈ ಸಲ ಮೈ ತೇಲಿತು. ತಲೆ ಮೇಲೆತ್ತಿ, ಕೈಯಿಂದ ನೀರು ಬಾಚುತ್ತಾ, ಕಪ್ಪೆಯ ಹಾಗೆ ಕಾಲು ಬಡಿಯುತ್ತಾ ಹೋದರು. ಟಿ.ವಿ.ಯಲ್ಲಿ ನೋಡುವ ಈಜು ಅದಲ್ಲ, ಬಾವಿಯ ಈಜು. ಅರ್ಧ ದಾರಿಯಲ್ಲಿ ನಿಧಾನವಾದಾಗ ಚೈತನ್ಯ ಕೈ ಚಾಚಿದಳು, ಹಿಡಿಯಲಿಲ್ಲ. ಆಚೆ ದಡದ ಕಂಬಿ ಸಿಕ್ಕಿದಾಗ ಹಣೆ ಊರಿ ಸುಮಾರು ಹೊತ್ತು ಹಾಗೇ ಇದ್ದರು. ನಮ್ಮಲ್ಲಿ ಯಾರೂ ಚಪ್ಪಾಳೆ ತಟ್ಟಲಿಲ್ಲ. ತಟ್ಟಬೇಕೆಂದು ತೋಚಲೂ ಇಲ್ಲ. ಎದುರು ಕಂಡದ್ದನ್ನು ನಂಬಿಕೊಳ್ಳುವುದರಲ್ಲೇ ಇದ್ದೆವು.

‘ಇಷ್ಟ್ ವರ್ಷ ಯಾಕೆ ಹೇಳ್ನಿಲ್ಲ ಗೌರಿ?’ ಎಂದರು ತಿಪ್ಪಮ್ಮ.

‘ಯಾರೂ ಕೇಳ್ನಿಲ್ವಲ್ಲ ತಿಪ್ಪಕ್ಕ.’

ಆಮೇಲೆ ಒಂದು ಗಂಟೆ ಅವರು ನೀರಿನಿಂದ ಏಳಲಿಲ್ಲ. ಆರು ಸಲ ಆ ಕಡೆ ಈ ಕಡೆ ಹೋಗಿ ಬಂದರು. ಅಂಗಾತ ತೇಲಿ, ಕಿವಿ ನೀರಿನಲ್ಲಿಟ್ಟುಕೊಂಡು ಆಕಾಶ ನೋಡಿದರು. ಕೊನೆಗೆ ತಿಪ್ಪಮ್ಮನನ್ನೂ ಕರೆದರು. ಚೈತನ್ಯ ಒಂದು ಕಡೆ, ಮಂಗಳಗೌರಿ ಒಂದು ಕಡೆ, ತಿಪ್ಪಮ್ಮನ ಬೆನ್ನಿನ ಕೆಳಗೆ ಕೈ ಕೊಟ್ಟು ಮಲಗಿಸಿದರು. ಕೈ ತೆಗೆಯಬೇಡ ಕಣೇ ಎಂದು ತಿಪ್ಪಮ್ಮ ನಾಲ್ಕು ಸಲ ಹೇಳಿದರು. ಮಂಗಳಗೌರಿ ತೆಗೆಯಲಿಲ್ಲ. ಸ್ವಲ್ಪ ಹೊತ್ತಿಗೆ ತಿಪ್ಪಮ್ಮ ಕಣ್ಣು ಮುಚ್ಚಿದರು, ಬಿಗಿದಿದ್ದ ಹುಬ್ಬು ಸಡಿಲವಾಯಿತು. ಮೇಲೆ ಬಂದಾಗ ನೋಡಿದರೆ, ಮಂಗಳಗೌರಿಯವರ ಕಂಕುಳಿನ ಹೊಲಿಗೆ ಬಿಟ್ಟುಹೋಗಿತ್ತು. ಊರವರದ್ದೆಲ್ಲ ಗಟ್ಟಿಯಾಗಿ ಹೊಲಿದು ತಮ್ಮದನ್ನು ಅವಸರದಲ್ಲಿ ಮುಗಿಸಿದ್ದರು. ಅದನ್ನು ನೋಡಿ ಅವರೇ ಎಲ್ಲರಿಗಿಂತ ಹೆಚ್ಚು ನಕ್ಕರು.

ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲವಾದ್ದರಿಂದ ಟಿ.ಟಿ. ಪಕ್ಕದಲ್ಲಿ ಜಮಖಾನ ಹಾಸಿ ಚಿತ್ರಾನ್ನ, ಮೊಸರನ್ನ ತಿಂದೆವು. ಅಲ್ಲಿಂದಲೇ ಅವರು ತವರಿಗೆ ಫೋನ್ ಮಾಡಿದರು. ಅಪ್ಪ ಹೋಗಿ ಹತ್ತು ವರ್ಷವಾಗಿದೆ. ಎಂಬತ್ತರ ಸಮೀಪದ ಅವ್ವನಿಗೆ ಕಿವಿ ಸ್ವಲ್ಪ ಮಂದ, ಹಾಗಾಗಿ ಸ್ಪೀಕರ್ ಹಾಕಿಕೊಂಡೇ ಮಾತು. ಇವತ್ತು ಈಜಿದೆ ಕಣವ್ವ ಎಂದು ಇವರು ಹೇಳಿದರೆ, ತಲೆ ಚೆನ್ನಾಗಿ ಒರೆಸಿಕೊಂಡೆಯಾ ಎಂದು ಅವ್ವ ಕೇಳಿದರು. ಒರೆಸಿಕೊಂಡೆ ಎಂದರು.

‘ಅವತ್ತು ಬ್ಯಾಡ ಅಂದೋಳು ನಾನೇ ಕಣವ್ವ’ ಎಂದರು ರಂಗಮ್ಮ. ‘ಜನ ಏನಂತಾರೋ ಅಂತ ಭಯ ಆಗಿತ್ತು. ನಿಮ್ಮಪ್ಪ ಆಮೇಲೆ ಒಂದ್ ವಾರ ನನ್ನ ಜೊತೆ ಮಾತಾಡ್ನಿಲ್ಲ.’

ಅದು ಮಂಗಳಗೌರಿಗೆ ಗೊತ್ತಿರಲಿಲ್ಲ. ಅಪ್ಪನೂ ಅವ್ವನ ಮಾತಿಗೆ ಒಪ್ಪಿಯೇ ಸುಮ್ಮನಿದ್ದ ಎಂದು ಇಷ್ಟು ವರ್ಷ ತಿಳಿದಿದ್ದರು. ಫೋನನ್ನು ಕೈಯಲ್ಲಿ ಹಿಡಿದುಕೊಂಡು ರಸ್ತೆಯ ಕಡೆ ನೋಡುತ್ತಾ ನಿಂತರು. ‘ಹೋಗ್ಲಿ ಬುಡವ್ವ. ಮುಂದಿನ ವಾರ ಬರ್ತೀನಿ’ ಎಂದು ಹೇಳಿ ಇಟ್ಟರು. ಹೇಳಿದ ಹಾಗೆ ಹೋಗಿ ಎರಡು ದಿನ ಇದ್ದು ಬಂದರು. ಅಲ್ಲಿ ಏನು ಮಾತಾಯಿತೋ ನಾನು ಕೇಳಲಿಲ್ಲ.

ಈಗ ಅವರು ಗುರುವಾರ ಬೆಳಿಗ್ಗೆ ರೈಲಿನಲ್ಲಿ ತುಮಕೂರಿಗೆ ಹೋಗುತ್ತಾರೆ. ಅಲ್ಲೊಂದು ಈಜುಕೊಳದಲ್ಲಿ ಹೆಂಗಸರಿಗೆಂದೇ ಒಂದು ಗಂಟೆ ಬಿಟ್ಟಿದ್ದಾರೆ. ಮೊದಲು ಗಂಡ ಕಾಂತೇಶ್, ಈ ವಯಸ್ಸಿನಲ್ಲಿ ಇದು ಬೇಕಾ ಎಂದು ಕೇಳಿದರಂತೆ. ಮೋಟರ್ ರಿಪೇರಿ ಮಾಡುವ ಮನುಷ್ಯ, ಹೆಚ್ಚು ಮಾತಿನವರಲ್ಲ. ಇವರು ಮುಂಜಾನೆ ಎದ್ದು ಹೊರಟರು. ಮೂರನೇ ವಾರ ಕಾಂತೇಶ್ ತಾವೇ ಸ್ಕೂಟರಿನಲ್ಲಿ ಸ್ಟೇಷನ್ನಿಗೆ ಬಿಟ್ಟು ಬಂದರು. ಒಮ್ಮೆ ನಾನೂ ಜೊತೆಗೆ ಹೋಗಿದ್ದೆ. ಅಲ್ಲಿನ ಕೋಚ್ ಹೆಣ್ಣುಮಗಳು ಮುಖ ನೀರಿನೊಳಗೆ ಇಡಬೇಕು, ಕಾಲು ಹೀಗೆ ಬಡಿಯಬೇಕು ಎಂದು ತಿದ್ದಿದಳು. ಮಂಗಳಗೌರಿ ತಾಳ್ಮೆಯಿಂದ ಕೇಳಿ, ಒಂದು ಸುತ್ತು ಅವಳು ಹೇಳಿದಂತೆ ಈಜಿ ತೋರಿಸಿದರು. ಉಳಿದದ್ದನ್ನೆಲ್ಲ ತಮ್ಮ ರೀತಿಯಲ್ಲೇ, ತಲೆ ಮೇಲೆತ್ತಿಕೊಂಡು ಈಜಿದರು.

ಗುರುವಾರವೇ ರವಿಕೆ ಬೇಕು ಎಂದು ಯಾರಾದರೂ ಅವಸರ ಮಾಡಿದರೆ, ಹನ್ನೊಂದರ ಮೇಲೆ ಬನ್ನಿ ಎನ್ನುತ್ತಾರೆ. ಯಾಕೆ ಎಂದು ಕೇಳಿದವರಿಗೆ ಕಾರಣವನ್ನೂ ಹೇಳುತ್ತಾರೆ.